ಬಾಗಿನದ ಮೊರ ಮತ್ತು ಎಳ್ಳಿನಂಥ ಚುಕ್ಕೆ

ನಾನು ಒಂದು ಮೊರ. ಜೋಡಿಯಾಗಿ ಹುಟ್ಟಿದೆ. ಮೇದರ ಬಸಮಣಿ ಒಂದೇ ಬಿದಿರನ್ನು ಸೀಳಿ, ಒಂದೇ ಮಧ್ಯಾಹ್ನದಲ್ಲಿ ನಮ್ಮಿಬ್ಬರನ್ನೂ ಹೆಣೆದು ಅಂಚು ಕಟ್ಟಿದಳು. ಮೊದಲು ಆದದ್ದು ಅಕ್ಕ, ಆಮೇಲೆ ಆದದ್ದು ನಾನು. ಅಷ್ಟು ಹೊತ್ತಿಗೆ ಬಸಮಣಿಯ ಬಾಯಲ್ಲಿದ್ದ ಎಲೆಯಡಿಕೆಯ ರಸ ಹೋಗಿತ್ತೋ, ಕಣ್ಣಿಗೆ ಜೊಂಪು ಹತ್ತಿತ್ತೋ, ನನ್ನ ಎಡಮೂಲೆ ಸ್ವಲ್ಪ ಸೊಟ್ಟಗಾಯಿತು. "ಸೊಟ್ಟಗಾದ್ರೇನು, ಕೇರಿದಾಗ ಕಾಳು ಉದುರ್ದೆ ಇದ್ರೆ ಸಾಕು" ಅಂದವಳೇ ನನ್ನನ್ನು ಅಕ್ಕನ ಮೇಲೆ ಬೋರಲು ಹಾಕಿ, ಇನ್ನೊಂದು ಎಲೆಗೆ ಸುಣ್ಣ ಹಚ್ಚಿಕೊಂಡಳು.

ಮೊರಕ್ಕೆ ಬಾಯಿ ಅಗಲ. ಆದರೆ ಮನುಷ್ಯರಿಗೆ ಕೇಳಿಸುವ ಮಾತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದ ರಾಮಾಯಣಕ್ಕೆಲ್ಲ ಇದೇ ಕಾರಣ. ನನಗೊಂದು ಮಾತು ಬಂದಿದ್ದರೆ ಎರಡು ಮನೆಯ ನಂಟು ಮುರಿಯುವವರೆಗೆ ಹೋಗುತ್ತಿರಲಿಲ್ಲ.

ಗೌರಿ ಹಬ್ಬದ ಹಿಂದಿನ ವಾರ ಸಂತೆಯಲ್ಲಿ ನಮ್ಮನ್ನು ಕೊಂಡವಳು ಸಾಕಮ್ಮ. ಕೆಳಗಿನ ಮಾದಳ್ಳಿಯ ಈರೇಗೌಡನ ಹೆಂಡತಿ. ಕೊಳ್ಳುವ ಮುಂಚೆ ನಮ್ಮ ಬೆನ್ನು ತಟ್ಟಿ, ಅಂಚು ಎಳೆದು, ಬಿಸಿಲಿಗೆ ಹಿಡಿದು, ಹೆಣ್ಣು ನೋಡಲು ಬಂದವರೂ ನೋಡದಷ್ಟು ನೋಡಿದಳು. ಎಡಮೂಲೆಯನ್ನೂ ನೋಡಿದಳು. "ಬಾಗಿನಕ್ಕೆ ತಾನೆ, ನಡೀತದೆ" ಅಂದಳು. ಆ ಮಾತು ಅವಳ ಬಾಯಲ್ಲಿ ಇನ್ನೊಂದು ಸಲ ಬರುವುದಿತ್ತು.

ಗೌರಿ ಹಬ್ಬಕ್ಕೆ ಹೆಂಗಸರು ಮೊರದ ಬಾಗಿನ ಕೊಡುವುದು ನಿಮಗೆ ಗೊತ್ತೇ ಇದೆ. ಒಂದು ಮೊರವನ್ನು ತುಂಬಿ, ಇನ್ನೊಂದನ್ನು ಮುಚ್ಚಿ, ಅರಿಶಿನದ ದಾರ ಸುತ್ತಿ ಗಂಟು ಹಾಕುತ್ತಾರೆ. ಹೆಚ್ಚಿನವರು ಒಳಗೆ ಅಕ್ಕಿ ಬೇಳೆ ಇಡುತ್ತಾರೆ. ಸಾಕಮ್ಮನ ತವರಿನಲ್ಲಿ ಮಾತ್ರ ಅಕ್ಕಿಯ ಬದಲು ಭತ್ತ. ಅವಳ ಅಜ್ಜಿಯ ಕಾಲದ ಮಾತು: ಬಾಗಿನದ ಭತ್ತ ಉಣ್ಣಬಾರದು, ಬಿತ್ತಬೇಕು. ಕೊಟ್ಟವರ ಮನೆಯ ಹಸಿರು ತಗೊಂಡವರ ಗದ್ದೆಯಲ್ಲಿ ನಿಲ್ಲಬೇಕು.

ನನ್ನ ಮೈಗೆ ಅರಿಶಿನ ಬಳಿದು ಒಣಗಿಸಿ, ಸಾಕಮ್ಮ ಭತ್ತದ ಮೂಟೆಗಳಿದ್ದ ಕೋಣೆಗೆ ಒಯ್ದಳು. ಅಲ್ಲಿ ಎರಡು ಬಗೆಯ ಭತ್ತವಿತ್ತು. ಕಾಲುವೆ ಮಗ್ಗುಲಿನ ತಾಕಿನದು ಚಿನ್ನದ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಕೊನೆ ತಾಕಿನದು. ಆ ತಾಕು ಗೊಬ್ಬರ ಕಾಣದ ಬಡಪಾಯಿ. ಅಲ್ಲಿಯ ಪೈರಿನ ಗರಿಗಳ ಮೇಲೆ ಹೋದ ಬೆಳೆಯಲ್ಲಿ ಏನೋ ಕಂದು ಚುಕ್ಕೆ ಬಿದ್ದಿತ್ತಂತೆ. "ಕಾಲುವೆ ನೀರಿನ ತುಕ್ಕು ಕನಾ ಅದು" ಎಂದು ಈರೇಗೌಡ ತೀರ್ಪು ಕೊಟ್ಟು ಮುಗಿಸಿದ್ದ.

ಸಾಕಮ್ಮ ಚಿನ್ನದಂಥ ಭತ್ತದ ಮೂಟೆಯ ಬಾಯಿ ಬಿಚ್ಚಿದಳು. ಕೈ ಹಾಕಿದಳು. ತೆಗೆದಳು. ಮತ್ತೆ ಬಾಯಿ ಕಟ್ಟಿದಳು. "ಬಾಗಿನಕ್ಕೆ ತಾನೆ" ಅಂದುಕೊಂಡು ಕೊನೆ ತಾಕಿನ ಭತ್ತವನ್ನು ನನ್ನೊಳಗೆ ಸುರಿದಳು.

ಕಾಳು ಮೈಮೇಲೆ ಬಿದ್ದಾಗಲೇ ನನಗೇನೋ ಕಸಿವಿಸಿ. ಜಳ್ಳಿನಷ್ಟು ಹಗುರವಲ್ಲ, ಗಟ್ಟಿ ಕಾಳಿನಷ್ಟು ಭಾರವೂ ಅಲ್ಲ. ಸಿಪ್ಪೆಯ ಮೇಲೆ ಅಲ್ಲಲ್ಲಿ ಕಂದು ಮಚ್ಚೆ, ಎಳ್ಳು ಅಂಟಿಕೊಂಡ ಹಾಗೆ. ಕೇರಿದರೆ ಹಾರುವುದಿಲ್ಲ, ಹಾಗೆಂದು ನಂಬುವ ಹಾಗೂ ಇಲ್ಲ. ಇಂಥವರು ಮನುಷ್ಯರಲ್ಲೂ ಇರುತ್ತಾರೆ. ನಾನು ಆಗ ಹೊಸ ಮೊರ, ಲೋಕಜ್ಞಾನ ಸಾಲದು. ಸುಮ್ಮನಾದೆ.

ಮೇಲೊಂದು ಹಸಿರು ರವಿಕೆ ಬಟ್ಟೆಯ ಗಂಟು ಕೂತಿತು. ಅದರೊಳಗೆ ಬಳೆ, ಬಾಚಣಿಗೆ, ಅರಿಶಿನ ಕುಂಕುಮದ ಪೊಟ್ಟಣ. ಪೊಟ್ಟಣದ ಕಾಗದದ ಕತೆಯನ್ನು ಇಲ್ಲಿ ಹೇಳಲೇಬೇಕು. ಸಾಕಮ್ಮನ ಮಗಳ ಮದುವೆಗೆ ಲಗ್ನಪತ್ರಿಕೆ ಅಚ್ಚು ಹಾಕಿಸಿದಾಗ ಬೀಗರ ಹೆಸರನ್ನೇ ಬಿಟ್ಟು ಅಚ್ಚಾಗಿ ಬಂದಿತ್ತು. ಅದನ್ನು ಹಂಚಿದರೆ ಮದುವೆಯೇ ಮುರಿಯುತ್ತದೆ ಎಂದು ಬೇರೆ ಹಾಕಿಸಿದರು. ಹೆಸರು ಬಿಟ್ಟ ಇನ್ನೂರು ಪತ್ರಿಕೆ ಮನೆಯಲ್ಲೇ ಉಳಿದವು. ಮಗಳ ಹೆಸರಿದ್ದ ಕಾಗದವನ್ನು ಒಲೆಗೆ ಹಾಕಲು ಸಾಕಮ್ಮನಿಗೆ ಮನಸ್ಸು ಬರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಮೆಣಸು, ಜೀರಿಗೆ, ಕರ್ಪೂರ, ಕುಂಕುಮ ಎಲ್ಲವೂ ಲಗ್ನಪತ್ರಿಕೆಯಲ್ಲೇ ಕಟ್ಟಿಸಿಕೊಳ್ಳುತ್ತಿದ್ದವು.

ಅಕ್ಕ ನನ್ನ ಮೇಲೆ ಮುಚ್ಚಿಕೊಂಡಳು. ದಾರ ಬಿತ್ತು. ನಾವು ಸಾಕಮ್ಮನ ತವರಾದ ಬಿದರಕೊಪ್ಪಲಿಗೆ ಹೊರಟೆವು.

ಅಲ್ಲಿದ್ದವರು ಅವಳ ಅಣ್ಣ ಮಾಯಿಗೌಡ, ಅತ್ತಿಗೆ ಚೆನ್ನಾಜಮ್ಮ. ಚೆನ್ನಾಜಮ್ಮ ಸೆರಗೊಡ್ಡಿ ಬಾಗಿನ ತಗೊಂಡು ಕಣ್ಣಿಗೊತ್ತಿಕೊಂಡಳು. "ನಂದಿನ್ನೂ ರೆಡಿ ಮಾಡಿಲ್ಲ ಕಣವ್ವ. ನವರಾತ್ರಿವರ್ಗೂ ಟೈಮದೆ. ನಿಮ್ಮಣ್ಣನ ಕೈಲಿ ಕಳಿಸ್ತೀನಿ" ಅಂದು ನಮ್ಮನ್ನು ಹಾಗೇ ಅಟ್ಟಕ್ಕೆ ಏರಿಸಿದಳು.

ಅಟ್ಟದ ಮೇಲೆ ನಮ್ಮಂಥ ಜೋಡಿಗಳು ಇನ್ನೂ ಏಳಿದ್ದವು. ಒಂದೂ ಗಂಟು ಬಿಚ್ಚಿರಲಿಲ್ಲ. ಮೂಲೆಯಲ್ಲಿದ್ದ ಮುದಿ ಮೊರವೊಂದು ತಾನು ಐದು ಮನೆ ಸುತ್ತಿ ಬಂದವಳೆಂದು ಜಂಬ ಕೊಚ್ಚಿತು. "ಒಳಗೇನಿದೆ?" ಅಂತ ಅಕ್ಕ ಕೇಳಿದಳು. "ಕೊಟ್ಟವರಿಗೇ ಗೊತ್ತಿಲ್ಲ, ನನಗೇನು ಗೊತ್ತು" ಅಂದಿತು ಅದು.

ಹೀಗೆ ದಿನ ಕಳೆದು ನವರಾತ್ರಿಯ ಕೊನೆಗೆ ಬಂತು. ಒಂದು ಬೆಳಿಗ್ಗೆ ಕೆಳಗೆ ಬೈಕಿನ ಸದ್ದು, ಅದರ ಮೇಲೆ ಮಾಯಿಗೌಡನ ಗಂಟಲು. "ಕೊಟ್ಟಿಯೋ ಇಲ್ವೋ? ನಂಗೆ ನೀರಿನ ಪಾಳಿ ಅದೆ." ಚೆನ್ನಾಜಮ್ಮ ಏದುಸಿರು ಬಿಡುತ್ತ ಅಟ್ಟ ಹತ್ತಿದಳು. ಕೈ ಚಾಚಿದಳು. ಹತ್ತಿರದಲ್ಲಿ ಇದ್ದವರು ನಾವು. ಹೊಸದಾಗಿ ಒಂದು ಬೊಟ್ಟು ಕುಂಕುಮ ಇಟ್ಟು ಗಂಡನ ಕೈಗೆ ಕೊಟ್ಟಳು.

ದಾರಿಯಲ್ಲಿ ನನ್ನ ಜೀವ ಅಲ್ಲಾಡಿತು. ಬೈಕು ಕೆಳಗಿನ ಮಾದಳ್ಳಿಯ ಕಡೆಗೇ ತಿರುಗಿತಲ್ಲ. ಬಂದ ದಾರಿಯಲ್ಲೇ, ಬಂದ ಗಂಟಿನಲ್ಲೇ, ಕೊಟ್ಟವಳ ಮನೆಗೇ ಹೊರಟಿದ್ದೇವೆ. "ಅಕ್ಕಾ, ಮೋಸ ಆಯ್ತು" ಅಂದೆ. "ನಿನಗ್ಯಾಕೆ, ಮುಚ್ಚಿಕೊಂಡಿರು" ಅಂದಳು ಅಕ್ಕ. ಮುಚ್ಚುವುದು ಅವಳ ಕೆಲಸ, ಹಾಗಾಗಿ ಅವಳಿಗೆ ಆ ಮಾತು ಸಲೀಸು.

ಸಾಕಮ್ಮ ಗಂಟು ಬಿಚ್ಚಿ ನೋಡಿದಳು. ನಾನು ಎಡಮೂಲೆಯನ್ನು ಇನ್ನಷ್ಟು ಸೊಟ್ಟ ಮಾಡಿಕೊಂಡು ಗುರುತು ತೋರಿಸಲು ನೋಡಿದೆ. ಅವಳ ಕಣ್ಣು ರವಿಕೆ ಬಟ್ಟೆಯ ಮೇಲಿತ್ತು.

"ನೋಡಿದ್ರಾ, ಅತ್ತಿಗೆ ನನ್ನಂಗೇ ಹಸಿರು ಕಣ ಇಕ್ಕವ್ಳೆ. ನನ್ನ ನೋಡ್ಕಂಡು ಕಲೀತಾಳೆ ಕನಿ" ಅಂದಳು ಗಂಡನಿಗೆ.

"ಹೂಂ" ಅಂದ ಈರೇಗೌಡ. ಅವನು ಮಾತಾಡಿದರೆ ಅಷ್ಟೇ.

ಆ ರವಿಕೆ ಗಂಟನ್ನು ಅವಳೂ ಬಿಚ್ಚಲಿಲ್ಲ. ಮುಂದೆ ಯಾರಿಗಾದರೂ ಕೊಟ್ಟರಾಯಿತೆಂದು ಪೆಟ್ಟಿಗೆಗೆ ಹಾಕಿದಳು. ಸಂಕ್ರಾಂತಿ ಸಮಯಕ್ಕೆ ಬೇಸಿಗೆ ಬೆಳೆಗೆ ಒಟ್ಟಲು ಹಾಕುವಾಗ, ಅಂದರೆ ಸಸಿಮಡಿಗೆ ಬೀಜ ಚೆಲ್ಲುವಾಗ, ಬೇರೆ ತಾಕಿಗೆಲ್ಲ ಸರ್ಕಾರದ ಬೀಜ, ರಸ್ತೆ ಪಕ್ಕದ ತಾಕಿಗೆ ಮಾತ್ರ ತವರಿನ ಬಾಗಿನದ ಬೀಜ ಅಂದಳು. ಹೋಗಿಬರುವವರೆಲ್ಲ ನೋಡಲಿ ಅಂತ. ಗೌರಿಯ ಹೆಸರಿಗೆ ಒಂದು ಬೊಗಸೆ ಭತ್ತವನ್ನು ನನ್ನಲ್ಲೇ ಉಳಿಸಿ ಗೋಡೆಗೆ ಒರಗಿಸಿದಳು.

ನಾಟಿಯಾಗಿ ತಿಂಗಳಾಗಿರಬೇಕು. ರಸ್ತೆ ಪಕ್ಕದ ತಾಕಿನ ಗರಿಗಳ ಮೇಲೆ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳು ಎದ್ದವು. ಸುತ್ತಲಿನ ತಾಕುಗಳೆಲ್ಲ ಹಚ್ಚಗೆ. ಇದೊಂದೇ ಸಿಡುಬು ಎದ್ದ ಮುಖದ ಹಾಗೆ. ಹೋಗಿಬರುವವರೆಲ್ಲ ನೋಡಿದರು, ಅವಳು ಬಯಸಿದ ಹಾಗೆಯೇ.

ಮೊದಲು ದೃಷ್ಟಿ ಅಂದುಕೊಂಡಳು. ನನ್ನ ಮೇಲೆ ಉಪ್ಪು ಮೆಣಸಿನಕಾಯಿ ಇಟ್ಟುಕೊಂಡು ತಾಕಿನ ಸುತ್ತ ಮೂರು ಸುತ್ತು ಬಂದು ನೀವಾಳಿಸಿದಳು. ರೋಗವನ್ನು ಹೊತ್ತು ತಂದ ಪಲ್ಲಕ್ಕಿಯಲ್ಲೇ ರೋಗವನ್ನು ಓಡಿಸುವ ಪೂಜೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಈರೇಗೌಡ ಪೇಟೆಯ ಔಷಧಿ ಅಂಗಡಿಗೆ ಹೋದ. ಅಂಗಡಿಯವನು ಎಲೆ ನೋಡದೆಯೇ, "ಬೆಂಕಿ ರೋಗ ಗೌಡ್ರೆ, ಎಲ್ಲಾ ಕಡೆ ಅದೇ ಈಗ" ಅಂದು ಒಂದು ಬಾಟಲಿ ಕೊಟ್ಟ. ಈರೇಗೌಡ ಎರಡು ಸಲ ಹೊಡೆದ. ಚುಕ್ಕೆಗಳು ಮಿಂದು ಬಂದವರ ಹಾಗೆ ಇನ್ನೂ ಚೆನ್ನಾಗಿ ಕಂಡವು.

ಆಗ ಸಾಕಮ್ಮನಿಗೆ ಜ್ಞಾನೋದಯವಾಯಿತು. ಸರ್ಕಾರದ ಬೀಜಕ್ಕೆ ಏನೂ ಆಗಿಲ್ಲ. ತವರಿನ ಬೀಜಕ್ಕೆ ಮಾತ್ರ ಆಗಿದೆ.

"ಅತ್ತಿಗೆ ಮನಸಾರೆ ಕೊಟ್ಟಿಲ್ಲ ಕನಿ. ಹೊಟ್ಟೆ ಉರ್ಕಂಡು ಕೊಟ್ಟವ್ಳೆ. ಅದ್ಕೇ ಉರೀತಾ ಅದೆ ಪೈರು."

"ಭತ್ತಕ್ಕೇನು ಗೊತ್ತು ಹೊಟ್ಟೆ ಉರಿ?" ಅಂದ ಈರೇಗೌಡ.

"ನಿಮ್ಗೇನು ಗೊತ್ತು ಹೆಂಗಸ್ರ ವಿಷ್ಯ? ಈ ಬಾಗಿನ ನಂಗೆ ಬ್ಯಾಡ. ವಾಪಸ್ ಕೊಟ್ಟು ಬನ್ನಿ."

ಪೆಟ್ಟಿಗೆಯಿಂದ ರವಿಕೆ ಗಂಟನ್ನು ತೆಗೆದು ನನ್ನಲ್ಲಿ ಉಳಿದಿದ್ದ ಬೊಗಸೆ ಭತ್ತದ ಮೇಲೆ ಕುಕ್ಕಿದಳು. ಆ ಮನೆಯ ಒಂದು ಬಳೆಯೂ ತನಗೆ ಬೇಡವೆಂದಳು. ಅಕ್ಕನನ್ನು ಮುಚ್ಚಿ ದಾರ ಬಿಗಿದಳು.

ಬಾಗಿನ ವಾಪಸ್ಸು ಹೋಗುವುದೆಂದರೆ ಏನೆಂದು ಆ ಕಡೆಯ ಎಂಥವರಿಗೂ ಗೊತ್ತು. ಹಾಲಿನ ಡೈರಿಯಿಂದ ಸುದ್ದಿ ಹಾಲಿಗಿಂತ ಮುಂಚೆ ಬಿದರಕೊಪ್ಪಲು ಮುಟ್ಟಿತು. ಮಾರನೆಯ ದಿನವೇ ಮಾಯಿಗೌಡ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬಂದ. ಅಂಗಳದ ಜಗಲಿಯ ಮೇಲೆ ಕೂತವನು ನೀರೂ ಮುಟ್ಟಲಿಲ್ಲ.

"ಸಾಕಿ, ಬಾಗಿನ ವಾಪಸ್ ಬಂದ್ರೆ ತವರು ಮುಗೀತು ಅಂತ ಅರ್ಥ ಕಣವ್ವ. ಆಮೇಕೆ ನಾನು ನಿನ್ನ ಹೊಸ್ಲು ತುಳಿಯಂಗಿಲ್ಲ, ನೀನು ನನ್ನ ಹೊಸ್ಲು ತುಳಿಯಂಗಿಲ್ಲ. ಅವ್ವ ಇಲ್ಲ, ಅಪ್ಪ ಇಲ್ಲ. ನಿಂಗೆ ನಾನು, ನಂಗೆ ನೀನು. ಯೋಚ್ನೆ ಮಾಡಿದ್ದೀಯಾ?"

ಸಾಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆದರೂ ಬಿಗಿ ಬಿಡಲಿಲ್ಲ. "ನನ್ನ ಕೇಳ್ಬ್ಯಾಡ ಅಣ್ಣಯ್ಯ, ನಿನ್ನ ಹೆಂಡ್ತಿ ಕೇಳು" ಅಂದಳು.

ಚೆನ್ನಾಜಮ್ಮ ನನ್ನನ್ನು ನೋಡಿದಳು. ನನ್ನ ಎಡಮೂಲೆಯನ್ನೇ ನೋಡಿದಳು. ಕಣ್ಣು ಕೆಳಗೆ ಹಾಕಿದಳು.

ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತಿತು. ಈರೇಗೌಡ ಬೆಳಿಗ್ಗೆಯೇ ಹೆಂಡತಿಗೆ ತಿಳಿಯದ ಹಾಗೆ ಒಂದು ಗರಿಯನ್ನು ಜೇಬಿನಲ್ಲಿಟ್ಟುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿದ್ದ. ಈಗ ಕೃಷಿ ಅಧಿಕಾರಿ ರುಕ್ಸಾನಾ ಮೇಡಂ ಅವರನ್ನೇ ಕರೆತಂದಿದ್ದ. ಚಿಕ್ಕ ಆಳು, ತಲೆಗೆ ಸೆರಗು, ಕೊರಳಲ್ಲಿ ದಾರ ಕಟ್ಟಿದ ಪುಟ್ಟ ಭೂತಗನ್ನಡಿ. ಅವರು ನೇರವಾಗಿ ಗದ್ದೆಗಿಳಿದು, ಸೊಂಟದವರೆಗೆ ಕೆಸರು ಸಿಡಿಸಿಕೊಂಡು, ಒಂದು ಹಿಡಿ ಗರಿ ಕಿತ್ತುಕೊಂಡು ಅಂಗಳಕ್ಕೆ ಬಂದರು. ಎಲ್ಲರೂ ಸುತ್ತ ನಿಂತರು. ತವರು ಇರುತ್ತದೋ ಹೋಗುತ್ತದೋ ಎಂಬುದು ಈಗ ಆ ಗಾಜಿನ ಚೂರಿನೊಳಗಿತ್ತು.

"ಬೆಂಕಿ ರೋಗ ಅಲ್ಲ ಇದು" ಅಂದರು ಮೇಡಂ. "ಬೆಂಕಿ ರೋಗದ ಮಚ್ಚೆ ದೋಣಿ ಥರ ಇರುತ್ತೆ. ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ. ಇದು ನೋಡಿ, ಗುಂಡಗೆ, ಎಳ್ಳಿನ ಹಾಗೆ. ಸುತ್ತ ಹಳದಿ ಉಂಗುರ. ಕಂದು ಚುಕ್ಕೆ ರೋಗ ಅಂತಾರೆ. ಒಂಥರಾ ಬೂಷ್ಟು. ಬೀಜದಲ್ಲೂ ಬರುತ್ತೆ. ಬಿತ್ತಿದ ಬೀಜ ಏನಾದ್ರೂ ಉಳಿದಿದೆಯಾ?"

ಸಾಕಮ್ಮ ನನ್ನನ್ನು ತಂದು ಮೇಡಂ ಮುಂದೆ ಇಟ್ಟು ಗಂಟು ಬಿಚ್ಚಿದಳು. ಮೇಡಂ ರವಿಕೆ ಗಂಟನ್ನು ಪಕ್ಕಕ್ಕೆ ಸರಿಸಿ, ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ಭೂತಗನ್ನಡಿ ಹಿಡಿದರು. ಹುಟ್ಟಿದಾರಭ್ಯ ನನ್ನ ಮೈಮೇಲೆ ಕೂತಿದ್ದ ಕಾಳನ್ನು ಯಾರಾದರೂ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಇಲ್ಲೇ ಇದೆ. ಸಿಪ್ಪೆ ಮೇಲೆ ಅದೇ ಮಚ್ಚೆ. ಈ ಬೀಜದಿಂದಲೇ ಬಂದಿರೋದು."

"ಕೇಳಿಸ್ಕಂಡ್ಯಾ ಅಣ್ಣಯ್ಯ?" ಸಾಕಮ್ಮನ ದನಿ ಮಾಡಿಗೆ ತಾಗಿತು. "ನಿನ್ನ ಮನೆ ಬೀಜ್ದಲ್ಲೇ ಬಂದದ್ದು. ನಾನೇನು ಸುಳ್ಳು ಹೇಳಿದ್ನಾ?"

ಮಾಯಿಗೌಡ ಹೆಂಡತಿಯ ಮುಖ ನೋಡಿದ. ಚೆನ್ನಾಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಮಾಯಿಗೌಡ ಮೆಲ್ಲಗೆ ಎದ್ದು, ಬೈಕಿನ ಬೀಗದ ಕೈ ತೆಗೆದ. ನನ್ನನ್ನು ಎತ್ತಿಕೊಳ್ಳಲು ಬಗ್ಗಿದ. ನನ್ನ ಅಗಲ ಬಾಯಿಗೆ ಆಗ ಮಾತು ಬರದಿದ್ದುದಕ್ಕೆ ನಾನು ಬಸಮಣಿಯನ್ನು ಬೈದುಕೊಂಡಷ್ಟು ಯಾವತ್ತೂ ಬೈದುಕೊಂಡಿಲ್ಲ.

"ಸ್ವಲ್ಪ ಇರಿ ಯಜಮಾನ್ರೆ" ಅಂದರು ಮೇಡಂ. "ನಾನು ಹತ್ತಿಪ್ಪತ್ತು ಕಾಳು ತಗೊಂಡು ಹೋಗಬೇಕು. ಒದ್ದೆ ಕಾಗದದಲ್ಲಿ ಒಂದು ವಾರ ಇಟ್ಟರೆ ಬೂಷ್ಟು ಹೊರಗೆ ಬರುತ್ತೆ, ಖಾತ್ರಿ ಆಗುತ್ತೆ. ಕಟ್ಟಿಕೊಳ್ಳೋಕೆ ಒಂದು ಕಾಗದ ಕೊಡೀಮ್ಮ."

ಸಾಕಮ್ಮ ಒಳಗೆ ಹೋಗಿ, ಗೆದ್ದವರ ಹೆಜ್ಜೆಯಲ್ಲಿ ಹೊರಗೆ ಬಂದು, ಒಂದು ಲಗ್ನಪತ್ರಿಕೆ ಕೊಟ್ಟಳು. ಅಷ್ಟರಲ್ಲಿ ಮೇಡಂ, ಮೂಲೆಗೆ ಸೇರಿದ ಕಾಳುಗಳನ್ನು ಒಟ್ಟುಮಾಡಲು ನನ್ನನ್ನು ವಾಲಿಸಿದ್ದರು. ನನ್ನ ಎಡಮೂಲೆಯ ಸೊಟ್ಟಕ್ಕೆ ರವಿಕೆ ಗಂಟು ಜಾರಿ, ಕೆಳಗೆ ಬಿದ್ದು ಸಡಿಲವಾಗಿ, ಬಳೆ ಬಾಚಣಿಗೆಯ ಜೊತೆಗೆ ಕುಂಕುಮದ ಪೊಟ್ಟಣವೂ ಉರುಳಿತು. ಇಷ್ಟು ವರ್ಷಕ್ಕೆ ಆ ಸೊಟ್ಟಮೂಲೆ ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಮೇಡಂ ಪೊಟ್ಟಣವನ್ನು ಎತ್ತಿ, ಕೈಯಲ್ಲಿದ್ದ ಕಾಗದವನ್ನೂ ನೋಡಿ, ಏನೂ ಅರಿಯದವರಾಗಿ ಅಂದರು.

"ಅರೆ, ಎರಡೂ ಒಂದೇ ಮದುವೆ ಪತ್ರಿಕೆ."

ಸಾಕಮ್ಮನ ಗೆದ್ದ ಹೆಜ್ಜೆ ಅಲ್ಲೇ ನಿಂತಿತು.

ಹೆಸರು ಬಿಟ್ಟ ಆ ಪತ್ರಿಕೆ ಸಾಕಮ್ಮನ ಮನೆಯಿಂದ ಹೊರಗೆ ಹೋದದ್ದು ಪೊಟ್ಟಣವಾಗಿ ಮಾತ್ರ. ಅವಳು ಪೊಟ್ಟಣ ನೋಡಿದಳು. ಹಸಿರು ರವಿಕೆ ನೋಡಿದಳು. ಕೊನೆಗೂ ನನ್ನ ಎಡಮೂಲೆ ನೋಡಿದಳು. ಆಮೇಲೆ ಅತ್ತಿಗೆಯನ್ನು ನೋಡಿದಳು. ಅತ್ತಿಗೆ, ಅವಳು ನೋಡಿದ್ದನ್ನು ನೋಡಿದಳು. ಗಂಡಸರಿಬ್ಬರೂ ಮೇಡಂ ಅವರ ಸ್ಕೂಟರನ್ನು ನೋಡುತ್ತಿದ್ದರು.

"ಮೇಡಂ ಬಿಸ್ಲಲ್ಲಿ ಬಂದವ್ರೆ. ಮಜ್ಜಿಗೆ ತತ್ತೀನಿ. ಅತ್ತಿಗೆ, ಒಸಿ ಬಾ ಇತ್ಲಾಗೆ" ಅಂದು ಸಾಕಮ್ಮ ಹತ್ತಿಪ್ಪತ್ತು ಕಾಳನ್ನು ಮೇಡಂ ಕೈಗೆ ಸುರಿದು, ನನ್ನನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು.

ಒಳಗೆ ಬಾಗಿಲು ಮರೆಗೆ ನಿಂತು ಪಿಸುದನಿಯಲ್ಲಿ ಕೇಳಿದಳು. "ಗಂಟೇ ಬಿಚ್ಚಿರ್ಲಿಲ್ವಾ?"

"ಇಲ್ಲ ಕಣವ್ವ. ನಿಮ್ಮಣ್ಣ ಬೈಕ್ ಮೇಲೆ ಕುಣೀತಿದ್ರು. ಕೈಗೆ ಸಿಕ್ಕಿದ್ದ ಕೊಟ್ಬುಟ್ಟೆ. ಸಂಜೆ ಅಟ್ಟ ನೋಡಿದ್ರೆ ನಿಂದೇ ಇಲ್ಲ. ಅವತ್ತಿಂದ ಒಂದಿನ ನೆಟ್ಟಗೆ ಉಂಡಿಲ್ಲ ನಾನು."

"ಮತ್ತೆ ಅಂಗಳದಲ್ಲಿ ಹೇಳಕ್ಕೇನಾಗಿತ್ತು ದಾಡಿ?"

"ರೋಗದ ಬೀಜ ಕೊಟ್ಟೋಳು ಅಂದ್ರೂ ಅನ್ನಿಸ್ಕತೀನಿ, ನಾದಿನಿ ಬಾಗಿನ ಬಿಚ್ಚದೆ ಸಾಗಹಾಕ್ದೋಳು ಅನ್ನಿಸ್ಕಳಕ್ಕಾಯ್ತದಾ?"

ಸಾಕಮ್ಮ ಗೆಲುವಿನಿಂದ ಉಬ್ಬಿದಳು. ಇನ್ನೇನು ಬೈಯಬೇಕು, ಅಷ್ಟರಲ್ಲಿ ಚೆನ್ನಾಜಮ್ಮನ ತಲೆಯಲ್ಲಿ ಮೆಲ್ಲಗೆ ಒಂದು ದೀಪ ಹತ್ತಿತು.

"ಅದ್ಸರಿ. ಆ ಭತ್ತ ನಿಂದೇ ಅಂದ್ಮೇಲೆ, ಯಾವ ತಾಕಿಂದು?"

"ಮಜ್ಜಿಗೆಗೆ ಉಪ್ಪು ಬೇಕಲ್ಲ" ಅಂದಳು ಸಾಕಮ್ಮ.

"ಯಾವ ತಾಕಿಂದು ಅಂದೆ."

"ಕೊನೆ ತಾಕಿಂದು."

"ಕಾಲುವೆ ಮಗ್ಗುಲಿಂದು ಇರ್ಲಿಲ್ವಾ?"

"ಇತ್ತು. ಆ ಮೂಟೆ ಬಾಯಿ ಬಿಗಿಯಾಗಿತ್ತು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಚೆನ್ನಾಜಮ್ಮನ ಮೂಗು ಅಲ್ಲಾಡಿತು. ಆಮೇಲೆ ಸಾಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಗು ತಡೆಯಲಾರದೆ ಇಬ್ಬರೂ ನೆಲದ ಮೇಲೆ ಕೂತುಬಿಟ್ಟರು. ನಗುತ್ತ ನಗುತ್ತ ಸಾಕಮ್ಮನ ಕಣ್ಣಲ್ಲಿ ನೀರು ಬಂತು. ಅದು ನಗುವಿನ ನೀರೇ ಎಂದು ನಾನು ಆಣೆ ಹಾಕಲಾರೆ. "ಅಣ್ಣ ಬೈಕ್ ಬೀಗ ತಗಂಡಾಗ ಜೀವ ಬಾಯಿಗೆ ಬಂದಿತ್ತು ಅತ್ತಿಗೆ" ಅಂದಳು. ಚೆನ್ನಾಜಮ್ಮ ಅವಳ ಮೂಗನ್ನು ತನ್ನ ಸೆರಗಿನಲ್ಲೇ ಒರೆಸಿದಳು.

ಮಜ್ಜಿಗೆ ಹೊರಗೆ ಬಂದಾಗ ಇಬ್ಬರ ಮುಖವೂ ಗಂಭೀರವಾಗಿತ್ತು.

"ಏನಂತೆ ಕೊನೆಗೆ?" ಅಂದ ಈರೇಗೌಡ.

"ನಮ್ಮ ತವರಿಂದೇನೂ ತಪ್ಪಿಲ್ಲ" ಅಂದಳು ಸಾಕಮ್ಮ. "ಕೊನೆ ತಾಕಿಗೆ ಗೊಬ್ಬರ ಹಾಕ್ದೆ ಇದ್ದೋರು ಯಾರು?"

"ಕೊನೆ ತಾಕು ಎಲ್ಲಿಂದ ಬಂತು ಈಗ? ರೋಗ ಬಂದಿರೋದು ರಸ್ತೆ ತಾಕಿಗಲ್ವಾ?"

"ನಿಮ್ಗೆ ಗೊತ್ತಾಗಾದು ಬ್ಯಾಡ. ಗೊಬ್ಬರ ಹಾಕಿ."

"ಸತ್ವ ಇಲ್ಲದ ಮಣ್ಣಲ್ಲಿ ಈ ರೋಗ ಜಾಸ್ತಿ, ಅದು ನಿಜ" ಅಂದರು ಮೇಡಂ, ಮಜ್ಜಿಗೆ ಲೋಟದೊಳಗೆ ಮುಖವಿಟ್ಟುಕೊಂಡು. ಅವರಿಗೆ ಎಲ್ಲ ತಿಳಿದುಹೋಗಿತ್ತೆಂದು ನನ್ನ ಅನುಮಾನ. ಮಾ‌ಯಿಗೌಡ ತಂಗಿಯ ಕೈಯಿಂದ ಮಜ್ಜಿಗೆ ಇಸಿದುಕೊಂಡು ಒಂದೇ ಗುಟುಕಿಗೆ ಕುಡಿದು, ಇನ್ನೊಂದು ಲೋಟ ಕೇಳಿದ.

ವಾರ ಕಳೆದು ಮೇಡಂ ಒದ್ದೆ ಕಾಗದದ ಕಾಳುಗಳನ್ನು ತಂದು ತೋರಿಸಿದರು. ಕಾಳಿನ ಮೇಲೆ ಕೂದಲಿನಂಥ ಕಪ್ಪು ಬೂಷ್ಟು ಎದ್ದಿತ್ತು. ಆ ತಾಕಿನ ಭತ್ತವನ್ನು ಬೀಜಕ್ಕೆ ಇಡಬೇಡಿ, ಬೇಕಾದರೆ ಉಣ್ಣಿ ಅಂದರು. ಅಜ್ಜಿಯ ಮಾತು ಹೀಗೆ ತಲೆಕೆಳಗಾಯಿತು. ಬೀಜವನ್ನು ಉಪ್ಪುನೀರಿಗೆ ಹಾಕಿ ನೋಡುವುದನ್ನೂ ಕಲಿಸಿದರು: ಕೋಳಿಮೊಟ್ಟೆ ತೇಲುವಷ್ಟು ಉಪ್ಪು, ಅದರಲ್ಲಿ ತೇಲಿದ ಕಾಳು ಬೇಡ, ಮುಳುಗಿದ್ದನ್ನು ತೊಳೆದು ಔಷಧಿ ಪುಡಿ ಬೆರೆಸಿ ಬಿತ್ತಿ. ನಾನು ಜನ್ಮವಿಡೀ ಕೇರಿ ಬೇರೆ ಮಾಡಲಾಗದ್ದನ್ನು ಒಂದು ಬಕೆಟ್ ನೀರು ಮಾಡಿತು. ಮೊದಮೊದಲು ನೋವಾಯಿತು. ಈಗ ಇಲ್ಲ.

ಅದಾಗಿ ಎಷ್ಟೋ ಗೌರಿ ಹಬ್ಬ ಕಳೆದವು. ಅಕ್ಕನನ್ನು ಒಂದು ಮಧ್ಯಾಹ್ನ ಕರು ತಿಂದಿತು, ಅರಿಶಿನದ ವಾಸನೆಗೋ ಏನೋ. ನನ್ನ ಅಂಚು ಬಿಚ್ಚಿದೆ, ನಡುವೆ ಒಂದು ತೂತು. ಸಾಕಮ್ಮ ನನ್ನಲ್ಲಿ ಈಗ ಏನೂ ಕೇರುವುದಿಲ್ಲ. ಎಸೆಯುವುದೂ ಇಲ್ಲ. ಅಡುಗೆಮನೆಯ ಗೂಟಕ್ಕೆ ನೇತುಹಾಕಿದ್ದಾಳೆ. ಯಾಕೆಂದು ಈರೇಗೌಡ ಕೇಳಿದ್ದಕ್ಕೆ, "ಅದು ನನ್ನ ತವರಿಂದು" ಅಂದಳು. ಅಲ್ಲಿಂದ ಕೆಳಗೆ ಎಲ್ಲ ಕಾಣುತ್ತದೆ.

ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಸಾಕಮ್ಮ ಕಾಲುವೆ ಮಗ್ಗುಲಿನ ಭತ್ತವನ್ನು ಮೊಟ್ಟೆಯ ನೀರಿನಲ್ಲಿ ಮುಳುಗಿಸಿ, ತೊಳೆದು, ಒಣಗಿಸಿ, ಕಾಳು ಕಾಳನ್ನೂ ಬೆಳಕಿಗೆ ಹಿಡಿದು ಹೊಸ ಮೊರಕ್ಕೆ ತುಂಬುತ್ತಾಳೆ. ಎರಡು ಮನೆಗಳಲ್ಲಿ ಈಗ ಹೊಸ ಪದ್ಧತಿ ಬಂದಿದೆ. ಬಾಗಿನ ತಗೊಂಡವರು ಕೊಟ್ಟವರ ಎದುರಿಗೇ ಗಂಟು ಬಿಚ್ಚಬೇಕು. ಚೆನ್ನಾಜಮ್ಮ ಬಿಚ್ಚುತ್ತಾಳೆ, ಒಂದೊಂದೇ ತೆಗೆದು ಕಣ್ಣಿಗೊತ್ತಿಕೊಳ್ಳುತ್ತಾಳೆ, ಕುಂಕುಮದ ಪೊಟ್ಟಣ ಸಿಕ್ಕಿದೊಡನೆ ಇಬ್ಬರಿಗೂ ನಗು ಒತ್ತರಿಸಿ ಬರುತ್ತದೆಯಂತೆ. ಪಕ್ಕದ ಮನೆಯವರಿಗೆ ಅದೇಕೆಂದು ಇವತ್ತಿಗೂ ಗೊತ್ತಿಲ್ಲ.

ನಿನ್ನೆ ಸಾಕಮ್ಮ ಲಗ್ನಪತ್ರಿಕೆಗಳ ಕಟ್ಟನ್ನು ಕೆಳಗಿಳಿಸಿದ್ದಳು. ನಾನು ಗೂಟದ ಮೇಲಿಂದ ನೋಡಿದೆ. ಕಟ್ಟು ಇನ್ನೂ ಅಂಗೈ ದಪ್ಪ ಇದೆ. ನನ್ನ ಕಾಲ ಮುಗಿದರೂ ಅವು ಮುಗಿಯುವ ಹಾಗೆ ಕಾಣುವುದಿಲ್ಲ.